ವಿಜಯ: ಗಂಡು ಹೆಸರೋ, ಹೆಣ್ಣು ಹೆಸರೋ?

ಹೊಸಮನೆ:
ಎಲ್ಲರಿಗೂ ನಮಸ್ಕಾರ. ನಮಗೆ ಗಂಡು ಮಗು ಆಗಿದೆ. ನನ್ನ ತಾತನ ಹೆಸರು ವಿಜಯ. ವಿಜಯಕುಮಾರ ಅಲ್ಲ, ವಿಜಯ್ ಅಲ್ಲ, ಬರೀ ವಿಜಯ. ಅದೇ ಹೆಸರು ಇಡಬೇಕು ಅಂತ ನನಗೂ ನನ್ನ ಹೆಂಡತಿಗೂ ಆಸೆ. ಆದರೆ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದಾರೆ: "ಅದು ಹೆಣ್ಣುಮಕ್ಕಳ ಹೆಸರಲ್ವಾ? ಗಂಡಿಗಾದರೆ ವಿಜಯ್ ಅಂತ ಇಡಿ." ತಾತನ ಕಾಲದಲ್ಲಿ ಗಂಡಸಿನ ಹೆಸರಾಗಿದ್ದದ್ದು ಈಗ ಹೇಗೆ ಹೆಣ್ಣಿನ ಹೆಸರಾಯಿತು? ಅಥವಾ ಮೊದಲಿಂದಲೂ ಎರಡೂ ಇತ್ತಾ? ತಿಳಿದವರು ಹೇಳಿ.

ಯುಗಾದಿ ಪಂಚಾಂಗ:
ನಿಮ್ಮ ತಾತ 1953-54ರ ಸುಮಾರಿಗೆ ಹುಟ್ಟಿದವರಾ? ಅದು ವಿಜಯ ಸಂವತ್ಸರ. ಅರವತ್ತು ಸಂವತ್ಸರಗಳಲ್ಲಿ ಇಪ್ಪತ್ತೇಳನೆಯದು. ಆಮೇಲೆ ಅದು ಮತ್ತೆ ಬಂದದ್ದು 2013-14ರಲ್ಲಿ. ನಮ್ಮ ಕೂಡುಕುಟುಂಬದಲ್ಲಿ ಆ ಹಳೇ ವಿಜಯ ಸಂವತ್ಸರದಲ್ಲಿ ಇಬ್ಬರು ಹುಟ್ಟಿದರು, ದೊಡ್ಡಪ್ಪನಿಗೆ ಒಬ್ಬಳು ಮಗಳು, ಚಿಕ್ಕಪ್ಪನಿಗೆ ಒಬ್ಬ ಮಗ. ಇಬ್ಬರಿಗೂ ವಿಜಯ ಅಂತಲೇ ಇಟ್ಟರು. ಮನೆಯಲ್ಲಿ ಯಾರಿಗೂ ಗೊಂದಲ ಆಗಲಿಲ್ಲ. ಚಿಕ್ಕವರಾದ ನಮಗೆ ಒಬ್ಬರು ವಿಜಯಣ್ಣ, ಇನ್ನೊಬ್ಬರು ವಿಜಯಕ್ಕ. ದೊಡ್ಡವರು ಇಬ್ಬರನ್ನೂ ವಿಜಿ ಅಂತ ಕರೆಯುತ್ತಿದ್ದರು, ಯಾರನ್ನು ಕರೆದರು ಅಂತ ಅವರವರಿಗೇ ಗೊತ್ತಾಗುತ್ತಿತ್ತು.

ಹೊಸಮನೆ:
ಇಲ್ಲ, ತಾತ ಅದಕ್ಕೂ ಹಿಂದೆ ಹುಟ್ಟಿದವರು. ವಿಜಯದಶಮಿ ದಿನ ಹುಟ್ಟಿದ್ದಕ್ಕೆ ಆ ಹೆಸರು ಅಂತ ಅಜ್ಜಿ ಹೇಳುತ್ತಿದ್ದರು.

ಪೇಟೆಬೀದಿ:
ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹಿಂದೆ ಏನಿತ್ತು ಅನ್ನೋದು ಬೇರೆ, ಇವತ್ತು ಶಾಲೆಯಲ್ಲಿ ಮಗು ಏನು ಅನುಭವಿಸುತ್ತೆ ಅನ್ನೋದು ಬೇರೆ. ವಿಜಯ್ ಅಂತ ಇಟ್ಟರೆ ಯಾರೂ ಏನೂ ಕೇಳಲ್ಲ. ತಾತನ ಹೆಸರೂ ಉಳಿಯುತ್ತೆ. ಒಂದು ಅಕ್ಷರಕ್ಕೆ ಇಷ್ಟು ಹಟ ಯಾಕೆ?

ಹಳೆಗನ್ನಡದ ಹುಡುಗಿ:
ಆ ಒಂದು ಅಕ್ಷರದಲ್ಲೇ ಇಡೀ ಕಥೆ ಇದೆ, ಅದಕ್ಕೇ ಹಟ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೊದಲು ಮೂಲ. ಸಂಸ್ಕೃತದಲ್ಲಿ ವಿಜಯ ಅನ್ನುವ ಪದ ಪುಲ್ಲಿಂಗ, ಗೆಲುವು ಅಂತ ಅರ್ಥ. ಹೆಣ್ಣಿಗಾದರೆ ಕೊನೆಗೆ ದೀರ್ಘ ಬಂದು ವಿಜಯಾ. ಎರಡೂ ಹೆಸರಾಗಿ ಬಹಳ ಹಳೆಯವು. ಅರ್ಜುನನ ಹತ್ತು ಹೆಸರುಗಳಲ್ಲಿ ವಿಜಯ ಒಂದು. ಸಿಡಿಲು ಬಡಿದಾಗ "ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ" ಅಂತ ಹಿರಿಯರು ಹೇಳಿಸುತ್ತಿದ್ದರಲ್ಲ, ಆ ಸಾಲಿನ ಹೆಸರು. ಯುದ್ಧಕ್ಕೆ ಹೋದರೆ ಗೆಲ್ಲದೆ ತಿರುಗಿ ಬರುವುದಿಲ್ಲ, ಅದಕ್ಕೇ ನನ್ನನ್ನು ವಿಜಯ ಅನ್ನುತ್ತಾರೆ ಅಂತ ಅವನೇ ಉತ್ತರಕುಮಾರನಿಗೆ ವಿವರಿಸುತ್ತಾನೆ. ಅದೇ ಮಹಾಭಾರತದಲ್ಲಿ ಸಹದೇವನ ಒಬ್ಬ ಹೆಂಡತಿಯ ಹೆಸರೂ ವಿಜಯಾ. ಮದ್ರ ದೇಶದ ರಾಜಕುಮಾರಿ. ಭಾವನಿಗೂ ನಾದಿನಿಗೂ ಒಂದೇ ಹೆಸರು!

ಇನ್ನೂ ಒಂದು ಇದೆ, ನನಗೆ ತುಂಬಾ ಇಷ್ಟವಾದದ್ದು. ಅಜ್ಞಾತವಾಸಕ್ಕೆ ಹೋಗುವಾಗ ಧರ್ಮರಾಯ ಐವರಿಗೂ ಗುಟ್ಟಿನ ಹೆಸರು ಇಡುತ್ತಾನೆ: ಜಯ, ಜಯಂತ, ವಿಜಯ, ಜಯತ್ಸೇನ, ಜಯದ್ಬಲ. ಇದರಲ್ಲಿ ಅರ್ಜುನನ ಪಾಲಿಗೆ ಬಂದದ್ದು ವಿಜಯ. ಆ ವರ್ಷ ಅವನು ಬೃಹನ್ನಳೆಯಾಗಿ, ಬಳೆ ತೊಟ್ಟು, ವಿರಾಟನ ಮಗಳಿಗೆ ನಾಟ್ಯ ಕಲಿಸುತ್ತಿದ್ದ. ಅಂದರೆ ಗಂಡೂ ಅಲ್ಲದ ಹೆಣ್ಣೂ ಅಲ್ಲದ ವೇಷದಲ್ಲಿ ಇದ್ದಾಗಲೇ ಅವನ ಅಣ್ಣತಮ್ಮಂದಿರು ಗುಟ್ಟಾಗಿ ಕರೆಯಬೇಕಾಗಿದ್ದದ್ದು ಈ ಹೆಸರಿನಿಂದ.

ಜಯ ವಿಜಯರ ಜೋಡಿಯೂ ಹಾಗೇ. ವೈಕುಂಠದ ಬಾಗಿಲು ಕಾಯುವ ಜಯ ವಿಜಯರು ಗಂಡಸರು. ಪಾರ್ವತಿಯ ಸಖಿಯರಾದ ಜಯೆ ವಿಜಯೆಯರು ಹೆಂಗಸರು. ದುರ್ಗೆಗೇ ವಿಜಯಾ ಅಂತ ಹೆಸರಿದೆ.

ಯುಗಾದಿ ಪಂಚಾಂಗ:
ಬೃಹನ್ನಳೆಯ ವಿಷಯ ಕೇಳಿ ಮೈ ಜುಮ್ ಎಂದಿತು. ಸರಿ, ಪುರಾಣ ಆಯಿತು. ನಮ್ಮ ನಾಡಿನಲ್ಲಿ, ಶಾಸನಗಳಲ್ಲಿ ಏನಿದೆ?

ಹಳೆಗನ್ನಡದ ಹುಡುಗಿ:
ಇದೆ, ಅದೂ ಒಂದೇ ಮನೆತನದಲ್ಲಿ. ಬಾದಾಮಿ ಚಾಲುಕ್ಯರು. ಎರಡನೇ ಪುಲಕೇಶಿಯ ಸೊಸೆ, ಅಂದರೆ ಅವನ ಮಗ ಚಂದ್ರಾದಿತ್ಯನ ಹೆಂಡತಿ, ವಿಜಯಭಟ್ಟಾರಿಕೆ. ಏಳನೇ ಶತಮಾನದ ನಡುಭಾಗ. ಸುಮ್ನೆ ಅಂತಃಪುರದಲ್ಲಿ ಕುಳಿತವಳಲ್ಲ, ತನ್ನ ಹೆಸರಿನಲ್ಲೇ ದಾನ ಕೊಟ್ಟವಳು. ನೇರೂರು ಮತ್ತು ಕೋಚ್ರೆ ತಾಮ್ರಪಟಗಳು ಅವಳವು. ಸಂಸ್ಕೃತದಲ್ಲಿ ಪದ್ಯ ಬರೆದ ವಿಜ್ಜಿಕೆ ಇವಳೇ ಅಂತ ಅನೇಕ ವಿದ್ವಾಂಸರು ಹೇಳುತ್ತಾರೆ. ನೀಲಿ ಕನ್ನೈದಿಲೆಯಂತೆ ಕಪ್ಪಗಿರುವ ನನ್ನನ್ನು ಅರಿಯದೆ ಸಂಸ್ಕೃತ ಕವಿ ದಂಡಿ ಸರಸ್ವತಿಯನ್ನು ಪೂರಾ ಬಿಳಿ ಅಂದುಬಿಟ್ಟ ಅನ್ನುವ ಪದ್ಯ ಅವಳ ಹೆಸರಿನಲ್ಲಿದೆ. ಎಂಥ ಧೈರ್ಯ ನೋಡಿ! ಇನ್ನೊಬ್ಬ ಸಂಸ್ಕೃತ ಕವಿ ರಾಜಶೇಖರನ ಹೆಸರಿನಲ್ಲಿರುವ ಶ್ಲೋಕವೊಂದು "ಕರ್ನಾಟಕದ ಸರಸ್ವತಿ ವಿಜಯಾಂಕೆ" ಅಂತ ಹೊಗಳುತ್ತದೆ.

ಅದೇ ಮನೆತನದಲ್ಲಿ ಎರಡು ತಲೆಮಾರು ಕಳೆದ ಮೇಲೆ ವಿಜಯಾದಿತ್ಯ ಪಟ್ಟಕ್ಕೆ ಬಂದ. 696ರಿಂದ 733ರವರೆಗೆ ಆಳಿದ. ಪಟ್ಟದಕಲ್ಲಿನಲ್ಲಿ ಈಗ ಸಂಗಮೇಶ್ವರ ಅಂತ ಕರೆಯುವ ಗುಡಿಯನ್ನು ಅವನೇ ಕಟ್ಟಿಸಿದ್ದು, ಆಗ ಅದಕ್ಕೆ ತನ್ನ ಹೆಸರನ್ನೇ ಇಟ್ಟು ವಿಜಯೇಶ್ವರ ಅಂದಿದ್ದ. ವಿಜಯಭಟ್ಟಾರಿಕೆ ಅವನಿಗೆ ವರಸೆಯಲ್ಲಿ ದೊಡ್ಡಜ್ಜಿ. ಅಜ್ಜಿಗೂ ಮೊಮ್ಮಗನಿಗೂ ಒಂದೇ ಹೆಸರು ಒಪ್ಪಿದ ನಾಡು ಇದು.

ಧಾರವಾಡದಾವ:
ಇದೆಲ್ಲ ಒಪ್ಪಿದೆ. ಆದರೆ ರಾಜರ ಹೆಸರುಗಳು ಯಾವಾಗಲೂ ಬಾಲ ಕಟ್ಟಿಕೊಂಡೇ ಬರುತ್ತವೆ. ಭಟ್ಟಾರಿಕೆ ಅಂದರೆ ಹೆಣ್ಣು, ಆದಿತ್ಯ ಅಂದರೆ ಗಂಡು. ಬರೀ ವಿಜಯ ಅಂತ ಜನಸಾಮಾನ್ಯರು ಇಟ್ಟುಕೊಳ್ಳುತ್ತಿದ್ದರಾ?

ನಮ್ಮ ಕಡೆ ಹಳೇ ಹೆಸರು ಅಂದರೆ ಬಸಪ್ಪ, ಬಸವ್ವ. ಮಲ್ಲಪ್ಪ, ಮಲ್ಲವ್ವ. ದ್ಯಾಮಪ್ಪ, ದ್ಯಾಮವ್ವ. ಮೊದಲ ಭಾಗ ಯಾರದ್ದಾದರೂ ಆಗಬಹುದು, ಗಂಡೋ ಹೆಣ್ಣೋ ಅಂತ ಹೇಳುವುದು ಅಪ್ಪ, ಅವ್ವ. ದೇವಿ ಹೆಸರೇ ಇದ್ದರೂ ಅಪ್ಪ ಹಚ್ಚಿದರೆ ಮುಗೀತು, ಗಂಡಸಿನ ಹೆಸರು: ಯಲ್ಲಪ್ಪ, ಹುಲಿಗೆಪ್ಪ, ದುರ್ಗಪ್ಪ. ಹೆಸರಿನ ಬುಡಕ್ಕೆ ಲಿಂಗ ಇರಲೇ ಇಲ್ಲ.

ಕಾವೇರಿ ಕಡೆಯವಳು:
ಹೌದು! ಕೊಡಗಿನಲ್ಲಿ ಕಾವೇರಪ್ಪ ಇದ್ದಾರೆ, ಕಾವೇರಮ್ಮ ಇದ್ದಾರೆ. ನದಿಯೇ ತಾಯಿ, ಆದರೂ ಗಂಡು ಮಕ್ಕಳು ಆ ಹೆಸರನ್ನು ಹೆಮ್ಮೆಯಿಂದ ಹೊರುತ್ತಾರೆ. ಗಂಗಪ್ಪ, ಗಂಗಣ್ಣ, ಗಂಗಮ್ಮ ಅಂತೂ ಎಲ್ಲ ಕಡೆ. ತಲಕಾಡನ್ನು ಆಳಿದ ರಾಜಮನೆತನವೇ ಗಂಗರು. ಯಾರಿಗೂ ಅದು ಹೆಂಗಸಿನ ಹೆಸರು ಅನ್ನಿಸಲಿಲ್ಲ.

ಹಳೆಗನ್ನಡದ ಹುಡುಗಿ:
ಧಾರವಾಡದಾವ, ಸರಿಯಾದ ಪ್ರಶ್ನೆ. ಬಾಲ ಇರುತ್ತಿತ್ತು ಅನ್ನೋದು ನಿಜ. ಹದಿನೈದನೇ ಶತಮಾನದಲ್ಲಿ ವಿಜಯಣ್ಣ ಅಂತ ಒಬ್ಬ ಜೈನ ಕವಿ ಇದ್ದಾನೆ. ವಿಜಯನಗರದ ಪ್ರೌಢದೇವರಾಯನ ತಂದೆ ವಿಜಯರಾಯ. ದಾಸರಲ್ಲಿ ವಿಜಯದಾಸರು, 1682ರಿಂದ 1755. ಆದರೆ ಬರೀ ಹೆಸರು ಕೂಡ ಬೇರೆ ಬೇರೆಯಾಗಿಯೇ ಕೇಳಿಸುತ್ತಿತ್ತು, ಅದಕ್ಕೆ ಕಾರಣ ಆಗಿನ ಕನ್ನಡ.

ಹಳೆಗನ್ನಡದಲ್ಲಿ ಗಂಡಸಾದರೆ ವಿಜಯಂ. ಪಂಪಂ, ರನ್ನಂ, ರಾಮಂ ಇದ್ದ ಹಾಗೆ. ಹೆಂಗಸಾದರೆ ಸಂಸ್ಕೃತದ ದೀರ್ಘ ಆ ಹೋಗಿ ಎ ಬರುತ್ತಿತ್ತು: ಸೀತಾ ಸೀತೆ ಆದಳು, ವಿಜಯಾ ವಿಜಯೆ ಆದಳು. ತಮಿಳು ಮಲಯಾಳಂ ಕಡೆ ಇವತ್ತಿಗೂ ಗಂಡಸು ವಿಜಯನ್, ಹೆಂಗಸು ವಿಜಯಾ. ನಮ್ಮಲ್ಲಿ ಆ ಕೊನೆಯ ಸೊನ್ನೆ ಆಡುಮಾತಿನಲ್ಲಿ ಸವೆದುಹೋಯಿತು. ರಾಮಂ ರಾಮ ಆದ, ವಿಜಯಂ ವಿಜಯ ಆದ. ಹೆಣ್ಣುಮಕ್ಕಳ ಹೆಸರಿನ ಕೊನೆಯೂ ಮೋಟಾಗಿ ಸೀತ, ಗೀತ, ಲತ, ವಿಜಯ ಆಯಿತು. ಹಾಗೆ ಎರಡು ಹೆಸರುಗಳು ಒಂದೇ ಉಚ್ಚಾರಕ್ಕೆ ಬಂದು ನಿಂತವು.

ಆದರೂ ಯಾರಿಗೂ ತೊಂದರೆ ಆಗಲಿಲ್ಲ, ಯಾಕೆಂದರೆ ನಮ್ಮ ಕ್ರಿಯಾಪದವೇ ಹೇಳಿಬಿಡುತ್ತೆ. "ವಿಜಯ ಬಂದ." "ವಿಜಯ ಬಂದಳು." ಹಳೇ ಮೈಸೂರು ಕಡೆ ಆಡುವಾಗ ವಿಭಕ್ತಿಯೂ ಒಂದೇ: "ವಿಜಯಂಗೆ ಕೊಡು", "ವಿಜಯನ ಮನೆಗೆ ಹೋಗಿದ್ದೆ, ಅವಳು ಇರಲಿಲ್ಲ". ಕೊನೆಯ ತನಕ ಕಾಯಬೇಕು, ಆಗ ಗೊತ್ತಾಗುತ್ತೆ. ಬರವಣಿಗೆಯಲ್ಲಿ ಮಾತ್ರ ವಿಜಯನಿಗೆ, ವಿಜಯಳಿಗೆ ಅಂತ ಬೇರೆ ಮಾಡುತ್ತೇವೆ.

ಶಾಲೆ ಮೇಷ್ಟ್ರು:
ಇಲ್ಲಿಂದ ಮುಂದಿನ ಕಥೆ ನಾನು ಹೇಳುತ್ತೇನೆ, ಹಾಜರಿ ಪುಸ್ತಕ ಇಟ್ಟುಕೊಂಡವನು. ಮಾತಿನಲ್ಲಿ ಕ್ರಿಯಾಪದ ಕೈ ಹಿಡಿಯುತ್ತೆ ಸರಿ. ಹಾಜರಿ ಪುಸ್ತಕದಲ್ಲಿ, ಅಂಕಪಟ್ಟಿಯಲ್ಲಿ, ಮತದಾರರ ಪಟ್ಟಿಯಲ್ಲಿ ಕ್ರಿಯಾಪದ ಎಲ್ಲಿದೆ? ಬರೀ ಹೆಸರು ಒಂಟಿಯಾಗಿ ನಿಲ್ಲುತ್ತೆ.

ಅದಕ್ಕಿಂತ ಜಾಸ್ತಿ ಪೆಟ್ಟು ಕೊಟ್ಟದ್ದು ಇಂಗ್ಲಿಷ್ ಅಕ್ಷರ. ನಮ್ಮ ಲಿಪಿಯಲ್ಲಿ ವಿಜಯ್, ವಿಜಯ, ವಿಜಯಾ ಮೂರೂ ಬೇರೆ. ಇಂಗ್ಲಿಷಿನಲ್ಲಿ ಕೊನೆಗೆ ಎ ಅಕ್ಷರ ಹಾಕಿದರೆ ವಿಜಯ ಮತ್ತು ವಿಜಯಾ ಒಂದೇ ಆಗಿಬಿಡುತ್ತವೆ, ಎ ತೆಗೆದರೆ ವಿಜಯ್. ಮಧ್ಯದ್ದಕ್ಕೆ ಜಾಗವೇ ಇಲ್ಲ. ಕೊನೆಗೆ ಎ ಇದ್ದರೆ ಹೆಣ್ಣು ಅಂತ ದಾಖಲೆ ಬರೆಯುವವರು ರೂಢಿ ಮಾಡಿಕೊಂಡರು. ಆಗ ಗಂಡುಮಕ್ಕಳ ಅಪ್ಪ ಅಮ್ಮ ಏನು ಮಾಡಿದರು? ಆ ಎ ಕತ್ತರಿಸಿದರು. ಮೊದಲು ಇಂಗ್ಲಿಷಿನಲ್ಲಿ ಹೋಯಿತು, ಆಮೇಲೆ ಅದನ್ನೇ ನೋಡಿ ಕನ್ನಡದಲ್ಲೂ ಅರ್ಧಾಕ್ಷರ ಬಂತು. ಮನೆಯಲ್ಲಿ ಅಜ್ಜಿ "ವಿಜಯಾ ಬಾರೋ" ಅಂತ ಕೂಗುತ್ತಿದ್ದರು, ಹಾಜರಿಯಲ್ಲಿ ನಾವು ವಿಜಯ್ ಅಂತ ಕರೆಯುತ್ತಿದ್ದೆವು.

ಧಾರವಾಡದಾವ:
ನಮ್ಮ ಕಡೆ ಇದಕ್ಕಿಂತ ಮೊದಲೇ ಒಡೆದಿತ್ತು. 1956ರ ಏಕೀಕರಣದ ತನಕ ನಾವು ಮುಂಬಯಿ ಆಡಳಿತದಲ್ಲಿ ಇದ್ದವರು, ಮರಾಠಿ ಪ್ರಭಾವ ಬಹಳ. ಮರಾಠಿಯಲ್ಲಿ ಬರೆಯುವುದು ವಿಜಯ ಅಂತ, ಓದುವುದು ವಿಜಯ್ ಅಂತ. ಹೆಣ್ಣಾದರೆ ವಿಜಯಾ, ದೀರ್ಘ ಎಳೆದೇ ಹೇಳುತ್ತಾರೆ. ವಿಜಯಾಬಾಯಿ, ಸುಧಾಬಾಯಿ. ವಿಜಯ ಅಂತ ಮೋಟು ಮಾಡುವುದು ನಮ್ಮ ಬಾಯಿಗೆ ಅಷ್ಟು ಬರಲ್ಲ. ಹಾಗಾಗಿ ನಿಮ್ಮ ಕಡೆಯ ಗೊಂದಲ ನಮ್ಮ ಹಿರಿಯರಿಗೆ ಅಷ್ಟಾಗಿ ಇರಲಿಲ್ಲ.

ಊರಿನ ವಿಷಯ ಬಂದರೆ ಮತ್ತೊಂದು ರೂಪ ಇದೆ. ವಿಜಯದ ತದ್ಭವ ಬಿಜಯ. ಹಳೇ ಕಾಲದಲ್ಲಿ ಅರಸರು ಬಂದರು ಅನ್ನದೆ ಬಿಜಯಂಗೆಯ್ದರು ಅನ್ನುತ್ತಿದ್ದರು. ವಿಜಯಪುರ ಬಾಯಲ್ಲಿ ಬಿಜಾಪುರ ಆಗಿತ್ತು, 2014ರ ನವೆಂಬರ್ 1ಕ್ಕೆ ಸರ್ಕಾರಿ ದಾಖಲೆಯಲ್ಲಿ ಮತ್ತೆ ವಿಜಯಪುರ ಆಯಿತು. ಊರಿಗೆ ಹಳೇ ಹೆಸರು ತಿರುಗಿ ಕೊಡಬಹುದಾದರೆ ಹುಡುಗನಿಗೆ ಯಾಕೆ ಆಗಬಾರದು?

ಬಾಲ್ಕನಿ ಸೀಟು:
ಸಿನಿಮಾ ಮರೆತಿರಿ. 1970ರ ದಶಕದಲ್ಲಿ ಹಲವು ಸಿನಿಮಾಗಳಲ್ಲಿ ಅಮಿತಾಭ್ ಬಚ್ಚನ್ ಪಾತ್ರದ ಹೆಸರು ವಿಜಯ್ ಅಂತಲೇ. ಕೋಪಿಷ್ಠ ನಾಯಕ ಅಂದರೆ ವಿಜಯ್. ಅದಕ್ಕೂ ಮೊದಲು ಕ್ರಿಕೆಟ್ಟಿನಲ್ಲಿ ವಿಜಯ್ ಮರ್ಚೆಂಟ್, ವಿಜಯ್ ಹಜಾರೆ. ರೇಡಿಯೋದಲ್ಲಿ, ತೆರೆಯ ಮೇಲೆ ಗಂಡಸಿನ ಹೆಸರು ಅರ್ಧಾಕ್ಷರದಲ್ಲಿ ಕೇಳಿ ಕೇಳಿ, ಪೂರ್ತಿ ಅಕ್ಷರ ಹೆಂಗಸಿಗೆ ಅಂತ ನಮ್ಮ ಕಿವಿಗೆ ಕೂತುಬಿಟ್ಟಿತು. ನಮ್ಮ ಹಾಡುಗಳಿಗೆ ಸಂಗೀತ ಕೊಟ್ಟ ವಿಜಯಭಾಸ್ಕರ್ ಹೆಸರಲ್ಲಿ ವಿಜಯ ಪೂರ್ತಿ ಉಳಿದದ್ದು ಅದು ಮೊದಲಲ್ಲಿ ಇದ್ದದ್ದಕ್ಕೆ. ಅರ್ಧಾಕ್ಷರ ಹೋಗಿ ಕೂತದ್ದು ಕೊನೆಗೆ.

ಬರೀ ವಿಜಯ:
ನಾನು ಅದೇ ಹೆಸರಿನ ಗಂಡಸು, ಐವತ್ತು ದಾಟಿದೆ. ನನಗೆ ಏನೇನಾಗಿದೆ ಅಂತ ಹೇಳಿದರೆ ಹೊಸಮನೆಯವರಿಗೆ ನಿರ್ಧಾರ ಮಾಡಲು ಸುಲಭ ಆದೀತು.

ಪರೀಕ್ಷೆಯ ಪ್ರವೇಶಪತ್ರದಲ್ಲಿ ನನ್ನ ಹೆಸರಿನ ಮುಂದೆ ಕುಮಾರಿ ಅಂತ ಬಂದಿತ್ತು. ಒಳಗೆ ಬಿಡುವ ಮೊದಲು ಬಾಗಿಲಲ್ಲಿ ನಿಲ್ಲಿಸಿ, ಮುಖ್ಯಸ್ಥರನ್ನು ಕರೆಸಿ, ಅವರು ಸಹಿ ಮಾಡಿದ ಮೇಲೆ ಬಿಟ್ಟರು. ಅಷ್ಟರಲ್ಲಿ ಉಳಿದವರು ಮೊದಲ ಪ್ರಶ್ನೆ ಬರೆದು ಮುಗಿಸಿದ್ದರು. ಕೈ ನಡುಗುತ್ತಿತ್ತು. ಆಮೇಲೆ ವಿಮೆಯ ಕಾಗದಗಳು ಶ್ರೀಮತಿ ಅಂತ ಬರುತ್ತಿದ್ದವು. ಇದನ್ನೆಲ್ಲ ಮುಚ್ಚಿಡುವುದಿಲ್ಲ, ಆಗುತ್ತೆ.

ಆದರೂ ನಾನು ಬದಲಾಯಿಸಲಿಲ್ಲ. ಅಫಿಡವಿಟ್ ಮಾಡಿಸಿ, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ರಾಜ್ಯಪತ್ರದಲ್ಲಿ ಹಾಕಿಸಿ ವಿಜಯ್ ಮಾಡಿಕೋ ಅಂತ ಗೆಳೆಯರು ಹೇಳಿದರು. ಬೇಡ ಅಂದೆ. ನನ್ನಮ್ಮ ನನ್ನನ್ನು ಒಂದು ದಿನವೂ ವಿಜಯ್ ಅಂತ ಕರೆದಿಲ್ಲ. ಆ ಅರ್ಧಾಕ್ಷರ ಕೇಳಿದರೆ ಬೇರೆ ಯಾರನ್ನೋ ಕರೆದ ಹಾಗೆ ಅನ್ನಿಸುತ್ತೆ.

ಪೇಟೆಬೀದಿ:
ನೋಡಿ, ಇದನ್ನೇ ನಾನು ಹೇಳಿದ್ದು. ಪರೀಕ್ಷೆ ಬಾಗಿಲಲ್ಲಿ ನಿಲ್ಲುವುದು ನಿಮ್ಮ ಮಗ, ವಿಜಯಭಟ್ಟಾರಿಕೆ ಬಂದು ನಿಲ್ಲಲ್ಲ. ನಿಮ್ಮ ಧೈರ್ಯ ದೊಡ್ಡದು ಸರ್, ಆದರೆ ಮಗುವಿನ ಪರವಾಗಿ ಆ ಧೈರ್ಯ ನಾವು ಮಾಡಬಹುದಾ?

ನಾನೂ ವಿಜಯ:
ನಾನು ಹೆಣ್ಣು ವಿಜಯ. ನನ್ನ ಅಂಕಪಟ್ಟಿಯಲ್ಲಿ ವಿಜಯ, ಮದುವೆ ಕಾಗದದಲ್ಲಿ ವಿಜಯಾ, ಪಡಿತರ ಚೀಟಿಯಲ್ಲಿ ವಿಜಯಮ್ಮ. ಒಬ್ಬಳೇ ಮೂವರಾಗಿದ್ದೇನೆ. ಲೇಖಕಿ ವಿಜಯಾ ದಬ್ಬೆ ಅವರ ಹೆಸರು ಕೂಡ ಕೆಲವು ಕಡೆ ದೀರ್ಘವಾಗಿ, ಕೆಲವು ಕಡೆ ಹ್ರಸ್ವವಾಗಿ ಅಚ್ಚಾಗಿದೆ, ನೋಡಿರಬಹುದು.

ನನಗೆ ಬೇಸರ ತರುವುದು ಬೇರೆ ವಿಷಯ. "ಹೆಣ್ಣಿನ ಹೆಸರು, ಗಂಡಿಗೆ ಬೇಡ" ಅನ್ನುವಾಗ ಆ ದನಿಯಲ್ಲಿ ಒಂದು ತಾತ್ಸಾರ ಇರುತ್ತೆ. ಹೆಣ್ಣುಮಕ್ಕಳು ಇಟ್ಟುಕೊಂಡ ಕೂಡಲೇ ಹೆಸರು ಸಣ್ಣದಾಯಿತು, ಗಂಡಿಗೆ ತಕ್ಕದ್ದಲ್ಲ ಅನ್ನುವ ಹಾಗೆ. ಹೆಣ್ಣುಮಗುವಿಗೆ ಗಂಡಸಿನ ಹೆಸರು ಇಟ್ಟರೆ "ಗಟ್ಟಿಗಿತ್ತಿ ಆಗಲಿ" ಅನ್ನುತ್ತಾರೆ. ತಿರುಗಿ ಗಂಡುಮಗುವಿಗೆ ಹೆಣ್ಣಿನ ಹೆಸರು ಇಟ್ಟರೆ ಯಾಕೆ ಗಾಬರಿ? ಅದಕ್ಕೇ ಹೆಸರುಗಳು ಒಂದೇ ದಿಕ್ಕಿನಲ್ಲಿ ಜಾರುತ್ತವೆ. ಒಮ್ಮೆ ಹೆಣ್ಣಿನದ್ದು ಆಯಿತೆಂದರೆ ಗಂಡಿಗೆ ತಿರುಗಿ ಬರುವುದು ತೀರಾ ಅಪರೂಪ.

ಕಾವೇರಿ ಕಡೆಯವಳು:
ಇದು ನಿಜವಾಗಲೂ ಯೋಚನೆ ಮಾಡಬೇಕಾದ ಮಾತು. ಅರುಣನೂ ಹಾಗೇ ಅಲ್ವಾ? ಸೂರ್ಯನ ಸಾರಥಿ, ಗಂಡಸು. ಈಗ ಅರುಣ ಅಂದರೆ ಹುಡುಗಿ, ಹುಡುಗನಾದರೆ ಅರುಣ್. ವಸಂತನೂ ಹಾಗೇ. ಮನ್ಮಥನ ಗೆಳೆಯ, ಋತುಗಳ ರಾಜ ಅನ್ನುತ್ತೇವೆ, ಆದರೆ ಬರೀ ವಸಂತ ಅಂದರೆ ಈಗ ಯಾರಿಗಾದರೂ ಅತ್ತೆಯೋ ಚಿಕ್ಕಮ್ಮನೋ ನೆನಪಾಗುತ್ತಾರೆ. ಸ್ವಾತಿ ನೋಡಿ. ಸ್ವಾತಿ ತಿರುನಾಳ್ ತಿರುವಾಂಕೂರಿನ ಮಹಾರಾಜ, 1813ರಲ್ಲಿ ಹುಟ್ಟಿದವರು, ಜನ್ಮನಕ್ಷತ್ರದಿಂದ ಬಂದ ಹೆಸರು. ಈಗ ಸ್ವಾತಿ ಅನ್ನುವ ಹುಡುಗ ಸಿಗುತ್ತಾನಾ?

ಧಾರವಾಡದಾವ:
ಬೇರೆ ಕಡೆ ತಿರುವುಮುರುವು ಕೂಡ ಇದೆ. ಜ್ಯೋತಿ ನಮಗೆ ಹೆಣ್ಣು, ಬಂಗಾಳದಲ್ಲಿ ಜ್ಯೋತಿ ಬಸು ಮುಖ್ಯಮಂತ್ರಿ ಆಗಿದ್ದರು. ಕಿರಣ ನಮಗೆ ಹುಡುಗ, ಪಂಜಾಬಿನ ಕಿರಣ್ ಬೇಡಿ ಹೆಂಗಸು. ಹೆಸರಿಗೆ ಹುಟ್ಟಿನಿಂದ ಲಿಂಗ ಇಲ್ಲ ಅನ್ನುವುದಕ್ಕೆ ಇನ್ನೇನು ಬೇಕು?

ಪೇಟೆಬೀದಿ:
ನಾನೂ ವಿಜಯ ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ, ಅದನ್ನು ಒಪ್ಪುತ್ತೇನೆ. ಪರೀಕ್ಷೆಯ ಬಾಗಿಲಿನ ಚಿಂತೆ ಮಾತ್ರ ಹೋಗಿಲ್ಲ.

ಹಳೆಗನ್ನಡದ ಹುಡುಗಿ:
ಆ ಚಿಂತೆ ನ್ಯಾಯವಾದದ್ದೇ. ಆದರೆ ಒಂದು ಯೋಚಿಸಿ. ಗಂಡುಮಕ್ಕಳ ಅಪ್ಪ ಅಮ್ಮ ಒಬ್ಬೊಬ್ಬರಾಗಿ ಭಯಪಟ್ಟು ಬಿಟ್ಟದ್ದಕ್ಕೇ ಈ ಹೆಸರು ಒಂದು ಕಡೆಗೆ ವಾಲಿತು. ಹೆಣ್ಣುಮಕ್ಕಳು ಕಿತ್ತುಕೊಂಡದ್ದಲ್ಲ, ಗಂಡುಮಕ್ಕಳ ಕಡೆಯವರು ಬಿಟ್ಟುಹೋದದ್ದು. ಪೂರ್ತಿ ಅಕ್ಷರ ಕನ್ನಡದ್ದು. ರಾಮ, ಕೃಷ್ಣ, ಭೀಮ, ಬಸವ, ಎಲ್ಲವೂ ಅಕಾರದಲ್ಲೇ ಮುಗಿಯುತ್ತವೆ, ಅವನ್ನು ಯಾರಾದರೂ ಹೆಣ್ಣಿನ ಹೆಸರು ಅಂದಿದ್ದಾರಾ? ರಾಮ ಗಂಡು, ವಿಜಯ ಹೆಣ್ಣು ಅನ್ನುವುದಕ್ಕೆ ಕನ್ನಡದ ಒಳಗೆ ಯಾವ ಕಾರಣವೂ ಇಲ್ಲ.

ಈಗ ದಾಖಲೆಗಳಲ್ಲಿ ಲಿಂಗಕ್ಕೆ ಬೇರೆಯೇ ಖಾನೆ ಇದೆ. ಫೋಟೋ ಇದೆ. ಹೆಸರು ನೋಡಿ ಊಹಿಸುವ ಕೆಲಸ ಮೊದಲಿಗಿಂತ ಕಡಿಮೆ. ಈಗ ಇಡುವ ಹೆಸರಿಗೆ ಹಿಂದಿನಷ್ಟು ಪೆಟ್ಟು ಬೀಳಲ್ಲ ಅನ್ನುವುದು ನನ್ನ ನಂಬಿಕೆ.

ಶಾಲೆ ಮೇಷ್ಟ್ರು:
ಹೊಸಮನೆಯವರೇ, ಏನೇ ನಿರ್ಧಾರ ಮಾಡಿ, ಗಡಿಬಿಡಿ ಬೇಡ. ಜನನ ಮರಣ ನೋಂದಣಿಯ 1969ರ ಕಾಯ್ದೆಯಲ್ಲಿ ಹೆಸರಿಲ್ಲದೆಯೂ ಮಗುವಿನ ಜನನ ನೋಂದಾಯಿಸಬಹುದು. ಹನ್ನೆರಡು ತಿಂಗಳ ಒಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ. ಆಮೇಲೂ ಸೇರಿಸಬಹುದು, ಹದಿನೈದು ವರ್ಷದ ತನಕ, ತಡಶುಲ್ಕ ಕಟ್ಟಬೇಕು ಅಷ್ಟೇ.

ಹೆಸರು ಬರೆಸುವಾಗ ಕನ್ನಡದ ಸಾಲನ್ನು ನೀವೇ ಎದುರಿಗೆ ನಿಂತು ಓದಿ. ಇಂಗ್ಲಿಷ್ ನೋಡಿ ಕನ್ನಡಕ್ಕೆ ಇಳಿಸುವಾಗ ವಿಜಯಾ ಆಗಿಬಿಡುವ ಸಾಧ್ಯತೆ ಜಾಸ್ತಿ. ಒಂದು ದೀರ್ಘ ಸೇರಿಕೊಂಡರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ತನಕ ಹಿಂದೆಯೇ ಬರುತ್ತೆ. ಮೊದಲ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲಾತಿ, ಮೂರರಲ್ಲೂ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅದೇ ಅಕ್ಷರಗಳು ಇವೆಯಾ ನೋಡಿ. ಜೊತೆಗೆ ತಂದೆಯ ಹೆಸರಿನ ಮೊದಲಕ್ಷರವೋ ಊರಿನದ್ದೋ ಇಡೀ ಬಿಡಿಸಿ ಬರೆಸಿ, ಒಂಟಿ ಹೆಸರಿಗಿಂತ ಅದು ಎಷ್ಟೋ ವಾಸಿ.

ಬರೀ ವಿಜಯ:
ಮೇಷ್ಟ್ರ ಮಾತು ನೂರಕ್ಕೆ ನೂರು ಸರಿ. ನನಗೆ ತೊಂದರೆ ಆದದ್ದೆಲ್ಲ ಹೆಸರು ಒಂಟಿಯಾಗಿ ನಿಂತ ಜಾಗದಲ್ಲೇ. ಅಪ್ಪನ ಹೆಸರು ಜೊತೆಗಿದ್ದ ಕಾಗದಗಳಲ್ಲಿ ಒಂದೂ ಆಗಿಲ್ಲ.